ಮುಟ್ಟಿದ್ದು ತಿಳಿಯದ ಪಾದ

ಹಾಸನದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ನಾನು ಕೆಲವು ವರ್ಷ ಪ್ರಯೋಗಕ್ಕೆಂದು ದುಂಡುಹುಳುಗಳನ್ನು ಸಾಕಿದ್ದೆ. ಬರಿಗಣ್ಣಿಗೆ ಬಿಳಿ ಚುಕ್ಕಿಯಂತೆ ಕಾಣುವ ಹುಳುಗಳು. ಕಡ್ಡಿಯ ತುದಿಗೆ ಕಣ್ಣಿನ ರೆಪ್ಪೆಗೂದಲೊಂದನ್ನು ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಅವುಗಳ ಮೈ ಸವರುವುದು ನನ್ನ ಕೆಲಸ. ಸವರಿದೊಡನೆ ಹುಳು ಹಿಂದೆ ಸರಿಯುತ್ತದೆ. ಅದರ ಚರ್ಮದಡಿಯ ನರಕೋಶಗಳಲ್ಲಿ ಪ್ರೋಟೀನಿನ ಪುಟ್ಟ ಬಾಗಿಲುಗಳಿವೆ. ಒತ್ತಡ ಬಿದ್ದರೆ ಅವು ತೆರೆದು ಸೋಡಿಯಂ ಕಣಗಳು ಒಳನುಗ್ಗುತ್ತವೆ. ಹುಳುವಿಗೆ ಸ್ಪರ್ಶ ತಿಳಿಯುತ್ತದೆ. ಆ ಪ್ರೋಟೀನು ಕೆಟ್ಟು ಹುಟ್ಟಿದ ಹುಳುಗಳು ಎಷ್ಟು ಸವರಿದರೂ ತಮ್ಮ ಪಾಡಿಗೆ ಹರಿಯುತ್ತಿರುತ್ತವೆ.

ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕನಿಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಒಂದು ಬೇಸಿಗೆ ನಾವು ನುಗ್ಗೇಹಳ್ಳಿಯ ದೇವಸ್ಥಾನಕ್ಕೆ ಹೋಗಿದ್ದೆವು. ನಡು ಮಧ್ಯಾಹ್ನ. ಕಾದ ಕಲ್ಲಿನ ಮೇಲೆ ಕಾಲಿಡಲಾಗದೆ ನಾನೂ ಭಾವನೂ ನೆರಳಿಗೆ ಓಡಿದೆವು. ಅಕ್ಕ ಮಾತ್ರ ಕೈಮುಗಿದುಕೊಂಡು ನಿಧಾನವಾಗಿ ಪ್ರದಕ್ಷಿಣೆ ಬರುತ್ತಿದ್ದಳು.

“ಯಾಕಿಂಗ್ ಓಡೋದ್ರಿ? ಅಂತಾ ಬಿಸಿಯೇನಿಲ್ವಲ್ಲ,” ಅಂದಳು.

ಭಾವ ನಕ್ಕರು. ನನಗೆ ನಗು ಬರಲಿಲ್ಲ. ಸೂಕ್ಷ್ಮದರ್ಶಕದಡಿ ಕಂಡಿದ್ದ ಆ ಹುಳುಗಳ ನಡಿಗೆಯೇ ಕಣ್ಣಮುಂದೆ ಬಂತು. ಅವಳನ್ನು ಕೂರಿಸಿ ಪಾದ ಎತ್ತಿ ನೋಡಿದರೆ ಅಂಗಾಲು ಕೆಂಪಾಗಿ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು.

ಮರುದಿನ ಹಾಸನದಲ್ಲಿ ಡಾಕ್ಟರು ಅವಳಿಗೆ ಕಣ್ಣು ಮುಚ್ಚಲು ಹೇಳಿ, ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿದರು. “ಮುಟ್ಟಿದ್ದು ಗೊತ್ತಾದ್ರೆ ಹೇಳಿಮ್ಮ,” ಅಂದಿದ್ದರು. ಎರಡೂ ಪಾದ ಮುಗಿಸಿ ಎಳೆಯನ್ನು ಪಕ್ಕಕ್ಕಿಟ್ಟರು. ಅಕ್ಕ ಇನ್ನೂ ಕಣ್ಣು ಮುಚ್ಚಿಯೇ ಕೇಳಿದಳು:

“ಸುರು ಮಾಡಿದ್ರಾ ಸಾ?”

ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಹುಳುಗಳ ವಿಷಯ ಹೇಳಿದೆ. ಅವುಗಳದು ಹುಟ್ಟಿನಿಂದ ಬಂದ ಕೊರತೆ, ನಿನ್ನದು ಸಕ್ಕರೆಯಿಂದ ನರವೇ ಸೊರಗಿದ್ದು ಅಂದೆ.

“ಆ ಉಳಗಳು ಬದುಕ್ತವಾ?”

“ಬದುಕ್ತವೆ ಕಣಕ್ಕ. ತಿಂತವೆ, ಮೊಟ್ಟೆ ಇಡ್ತವೆ.”

“ನೀನು ನೋಡ್ಕೊತಿದ್ದೆ, ಬದುಕಿದ್ವು,” ಅಂದಳು.

ಗಾಯ ಬೇಗ ಮಾಯಲಿಲ್ಲ. ಕೀವಾಗಿ, ಮಳೆಗಾಲದ ಹೊತ್ತಿಗೆ ಹೆಬ್ಬೆರಳನ್ನು ತೆಗೆಯಬೇಕಾಯಿತು. ಪಾದ ಉಳಿಯಿತು. ಆಪರೇಷನ್ ಆದ ಮೇಲೆ ಅವಳು ಅತ್ತದ್ದು ನೋವಿಗಲ್ಲ, ನೋವಾಗಲಿಲ್ಲವೆಂದು.

ಈಗ ಮನೆಯೊಳಗೂ ಚಪ್ಪಲಿ ಹಾಕುತ್ತಾಳೆ. ಬೆಳಿಗ್ಗೆ ಸ್ನಾನವಾದ ಮೇಲೆ ಭಾವ ಮಣೆಯ ಮೇಲೆ ಕೂತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಾದರೂ ಗಾಯವಾಗಿದೆಯೇ ಎಂದು ಬೆರಳ ಸಂದುಗಳನ್ನೆಲ್ಲ ನೋಡುತ್ತಾರೆ. ಮೊದಮೊದಲು ಗಂಡನ ಮೈಗೆ ಕಾಲು ತಾಗಿಸಲು ಅವಳು ಒಪ್ಪಿರಲಿಲ್ಲ. ಈಗ ಭಾವ ಕನ್ನಡಕ ಹುಡುಕುತ್ತಿದ್ದರೆ ತಾನೇ ತಂದುಕೊಟ್ಟು, ಎದುರಿಗೆ ಕೂತು ಕಾಲು ಚಾಚುತ್ತಾಳೆ.