ಅತ್ತೆಯ ಕೊರಳಿನ ಟೇಪು

ಹೊಲಿಗೆ ಅಂಗಡಿಯ ಹಿರಿಸೊಸೆಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಸಣ್ಣ ಮಾತಿನಿಂದ. ಬಾಗಿಲಲ್ಲಿ ನಿಂತ ಗಿರಾಕಿಯೊಬ್ಬಳು ಒಳಗೆ ಇಣುಕಿ, ಇವಳ ಮುಖ ನೋಡಿ, "ಚಿಕ್ಕವಳಿಲ್ವಾ?" ಎಂದಳು.

"ಯಾಕೆ, ನಾನಿದ್ದೀನಲ್ಲ."

"ಇರ್ಲಿ ಬಿಡಿ, ಸಂಜೆ ಬರ್ತೀನಿ" ಎಂದವಳು ಬಟ್ಟೆಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ಹೊರಟೇ ಹೋದಳು.

ಚಿಕ್ಕವಳೆಂದರೆ ಓರಗಿತ್ತಿ, ಮೈದುನನ ಹೆಂಡತಿ. ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಅವಳು ಹಾಕಿದ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ವಾಲುತ್ತಿತ್ತು. ಹಿರಿಯವಳದೋ, ಕಣ್ಣು ಮುಚ್ಚಿಕೊಂಡು ಕೋಟಿಗೆ ತೋಳು ಕೂರಿಸುವ ಕೈ. ಬೀದಿಯವರು ಅವಳಿಗೆ 'ಕತ್ತರಿ' ಎಂದು ಹೆಸರಿಟ್ಟಿದ್ದರು. ಅದು ಕೈಕೆಲಸಕ್ಕೆ ಸಿಕ್ಕ ಬಿರುದು ಎಂದೇ ಅವಳು ನಂಬಿದ್ದಳು.

ಅಂಗಡಿ ಅತ್ತೆಯದು. ಮುಂದೆ ಆಳೆತ್ತರದ ಕನ್ನಡಿ, ಕಾಯುವವರಿಗೊಂದು ಬೆಂಚು. ನಡುವೆ ಪರದೆ, ಪರದೆಯಾಚೆ ಬಟ್ಟೆ ಕತ್ತರಿಸುವ ಮೇಜು, ಮಿಷನ್ನುಗಳು. ಕನ್ನಡಿಯ ಬಳಿ ನಿಂತು ಅಳತೆ ತೆಗೆಯುವವಳೇ ಅಲ್ಲಿ ಯಜಮಾನಿ. ಅತ್ತೆಯ ಕೊರಳಿನಲ್ಲಿ ಹಳದಿ ಟೇಪು ಸದಾ ನೇತಾಡುತ್ತಿತ್ತು. ಈಗ ಅತ್ತೆಯ ಕಣ್ಣು ಮಂಜಾಗಿ, ಟೇಪಿನ ಗೆರೆ ಕಾಣದಾಗಿತ್ತು.

"ನಾಳೆಯಿಂದ ಸರದಿ ಮೇಲೆ ಇಬ್ಬರೂ ಅಳತೆ ತೆಗೀರಿ" ಎಂದಿದ್ದಳು ಅತ್ತೆ ಅಂದು ಬೆಳಿಗ್ಗೆಯೇ. "ಬಂದವರನ್ನ ಯಾರು ಉಳಿಸ್ಕೋತಾಳೋ ಅವಳ ಕೊರಳಿಗೆ ಈ ಟೇಪು."

ಅದು ತನ್ನ ಕೊರಳಿಗೇ ಬರುವುದು ಎಂದು ಹಿರಿಯವಳು ಮದುವೆಯಾಗಿ ಬಂದಂದಿನಿಂದ ಕಾದಿದ್ದಳು. ಆ ರಾತ್ರಿ ಊಟಕ್ಕೆ ಬಡಿಸುತ್ತಾ ಗಂಡನ ಮುಂದೆ ಉರಿ ಕಾರಿದಳು: "ಅವಳು ಹಾಕಿದ ಗುಂಡಿ ಎರಡು ದಿನಕ್ಕೆ ಕಿತ್ತು ಬರುತ್ತೆ. ಅದೇನಿದೆ ಅಂತ ಎಲ್ಲರೂ ಅವಳ ಹಿಂದೆ ಬೀಳ್ತಾರೋ!"

"ಗುಂಡಿ ಕಿತ್ತು ಬಂದ್ರೆ ಅವಳನ್ನ ಮತ್ತೆ ನೋಡೋಕೆ ನೆಪ ಸಿಕ್ತಲ್ಲ" ಎಂದು ಅವನು ನಕ್ಕ. ಅಂದು ಅವನ ತಟ್ಟೆಗೆ ಎರಡನೇ ಸಲ ಏನೂ ಬೀಳಲಿಲ್ಲ.

ಆ ಅಂಗಡಿಯಲ್ಲಿ ಹಿಂದಿನಿಂದ ಒಂದು ಪದ್ಧತಿ ನಡೆದುಬಂದಿತ್ತು. ಮುಂದೆ ಅಳೆಯುವವಳು ಅಳತೆಯನ್ನು ಕೂಗಬೇಕು, ಪರದೆಯ ಹಿಂದೆ ಕತ್ತರಿಸುವವಳು ಕೇಳಿಸಿಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳಬೇಕು. ಅತ್ತೆಯದು ಮೆಲುದನಿ. ಹಿರಿಯವಳದು ಗಂಟೆ ಹೊಡೆದಂಥ ದನಿ. ಮಿಷನ್ನಿನ ಸದ್ದನ್ನೂ ಮೀರಿ ಅಂಕಿ ಸ್ಪಷ್ಟವಾಗಿ ಕೇಳುತ್ತಿತ್ತು. ಚಿಕ್ಕವಳು ಮಾತ್ರ ಕೂಗುತ್ತಿರಲಿಲ್ಲ. ಪ್ರತಿ ಸಲ ಪರದೆ ಸರಿಸಿ ಒಳಗೆ ಬಂದು ತಾನೇ ಬರೆದು ಹೋಗುತ್ತಿದ್ದಳು. 'ಕೂಗೋಕೂ ಗಂಟಲಿಲ್ಲ ಇವಳಿಗೆ' ಎಂದು ಹಿರಿಯವಳು ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದಳು.

ಆದರೂ ಜನ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ಅದೇನು ಮಂತ್ರವೋ ನೋಡೇ ಬಿಡೋಣವೆಂದು ಹಿರಿಯವಳು ಪರದೆಗೆ ಕಿವಿ ಹಚ್ಚಿದಳು. ಮುದಿ ಟೀಚರಮ್ಮ ಬಂದಿದ್ದರು. ಚಿಕ್ಕವಳು ಕೇಳಿದ್ದು ಒಂದೇ ಮಾತು: "ಮೊಣಕಾಲು ಹೇಗಿದೆ ಈಗ?" ಅಷ್ಟಕ್ಕೇ ಟೀಚರಮ್ಮ ಕರಗಿ ನೀರಾದರು. ಕಾಲಿನ ಕಥೆಯೆಲ್ಲ ಹೇಳಿ, ಹೋಗುವಾಗ ಇನ್ನೊಂದು ಅಂಗಿಗೂ ಬಟ್ಟೆ ಕೊಟ್ಟು ಹೋದರು.

'ಓಹೋ, ಇಷ್ಟೇನಾ!' ಎಂದುಕೊಂಡಳು ಹಿರಿಯವಳು. ಮರುದಿನ ತನ್ನ ಸರದಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಬಂದಳು.

"ಮೊಣಕಾಲು ಹೇಗಿದೆ ಈಗ?"

ಹುಡುಗಿ ಗಾಬರಿಯಿಂದ ಬಗ್ಗಿ ನೋಡಿಕೊಂಡಳು. "ಯಾಕೆ ಆಂಟೀ, ಸೊಟ್ಟಗಿದ್ಯಾ?"

ಇನ್ನೊಬ್ಬಳ ಮುಂದೆ, ಕನ್ನಡಿಯಲ್ಲಿ ಅಭ್ಯಾಸ ಮಾಡಿದ್ದ ನಗೆಯನ್ನು ಮುಖಕ್ಕೆ ತಂದುಕೊಂಡು ನಿಂತಳು. ಆಕೆ ಕನಿಕರದಿಂದ, "ಹಲ್ಲುನೋವಾ? ಲವಂಗ ಇಟ್ಕೊಳ್ಳಿ" ಎಂದಳು. ಪರದೆಯಾಚೆ ಚಿಕ್ಕವಳು ಕೆಮ್ಮಿದ ಸದ್ದಾಯಿತು. ಅದು ಕೆಮ್ಮೋ ನಗುವೋ ಎಂದು ಯೋಚಿಸುತ್ತಾ ಹಿರಿಯವಳು ಇಡೀ ದಿನ ಬೆಂದಳು.

ಆಮೇಲೆ ಬಂದವಳು ಬೇಕರಿಯವಳು. ಅತ್ತೆಯ ಕಾಲದ ಗಿರಾಕಿ, ದೊಡ್ಡ ಮೈ, ದೊಡ್ಡ ನಗೆ. ಮಗಳ ಮದುವೆಗೆಂದು ಕೋಟು ಹೊಲಿಸಲು ಬಂದಿದ್ದಳು. ಜೊತೆಗೆ ಬಂದ ಹೊಸ ಬೀಗಿತ್ತಿ ಬೆಂಚಿನ ಮೇಲೆ ಕೂತಿದ್ದಳು. ಸರದಿ ಹಿರಿಯವಳದು. ಇವಳನ್ನು ಒಲಿಸಿಕೊಂಡರೆ ಟೇಪು ತನ್ನದೇ ಎಂದು ಹುರುಪಿನಿಂದ ಅಳೆದಳು.

"ಸೊಂಟ ನಲವತ್ತಾರು!" ಎಂದು ಕೂಗಿದಳು. ಬೇಕರಿಯವಳ ಮುಖ ಸಣ್ಣಗಾದದ್ದು ಕಂಡು, ಸಮಾಧಾನಕ್ಕೊಂದು ಮಾತು ಇರಲಿ ಎಂದು ಅಷ್ಟೇ ಜೋರಾಗಿ ಸೇರಿಸಿದಳು: "ಪರವಾಗಿಲ್ಲ, ಹೋದ ಸಲಕ್ಕಿಂತ ಎರಡೇ ಇಂಚು ಜಾಸ್ತಿ!"

ಬೀಗಿತ್ತಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಬೇಕರಿಯವಳು ಮಡಿಸಿಟ್ಟ ಬಟ್ಟೆಯನ್ನು ಎತ್ತಿಕೊಂಡಳು. "ಎಲ್ಲರಿಗೂ ಕೇಳಿಸ್ತಾ? ಇಲ್ಲಾಂದ್ರೆ ಬೀದಿಗಿಳಿದು ಇನ್ನೊಂದ್ಸಲ ಕೂಗಿ" ಎಂದವಳೇ ಮೆಟ್ಟಿಲಿಳಿದಳು.

"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಎಂದು ಗೊಣಗಿದಳು ಹಿರಿಯವಳು.

"ಒದ್ದಿದ್ರೆ ಚೆನ್ನಾಗಿತ್ತು ಕಣೇ, ಬಟ್ಟೆಯಾದ್ರೂ ಇಲ್ಲೇ ಉಳೀತಿತ್ತು" ಎಂದಳು ಅತ್ತೆ. ಮೆಲ್ಲನೆ ಎದ್ದು, ಕೊರಳಿನ ಟೇಪು ತೆಗೆದು, ಚಿಕ್ಕವಳ ಕೊರಳಿಗೆ ಹಾಕಿದಳು.

ಆ ಹಳದಿ ಪಟ್ಟಿ ಓರಗಿತ್ತಿಯ ಎದೆಯ ಮೇಲೆ ತೂಗಾಡುವಾಗಲೆಲ್ಲ ಹಿರಿಯವಳ ಹೊಟ್ಟೆಯಲ್ಲಿ ಕೆಂಡ ಹೊರಳುತ್ತಿತ್ತು. ಮುಖ ಊದಿಸಿಕೊಂಡು ಮಿಷನ್ನು ತುಳಿದಳು. ಚಿಕ್ಕವಳು ಕರೆದರೆ ಕಿವಿ ಕೇಳಿಸದು, ಕೊಟ್ಟ ನೀರು ಗಂಟಲಿಗಿಳಿಯದು. ಅತ್ತೆ ನೋಡುವಷ್ಟು ನೋಡಿ ಒಂದು ದಿನ ಅಂದಳು:

"ನಿನ್ನ ಅಂಗಿ ಕಂಕುಳಲ್ಲಿ ಹರಿದಿದೆ. ಹೊಸದು ಹೊಲಿಸ್ಕೋ. ಚಿಕ್ಕವಳ ಹತ್ರ ಅಳತೆ ಕೊಡು."

"ನನ್ನ ಹಳೇ ಅಂಗಿ ಇಟ್ಟು ನಾನೇ ಕತ್ತರಿಸ್ಕೋತೀನಿ."

"ಹಳೇ ಅಂಗಿ ಹೊಲಿದಾಗಿನ ಮೈಯಾ ಈಗ ನಿಂದು?"

ಬೇರೆ ದಾರಿಯಿಲ್ಲದೆ ಹಿರಿಯವಳು ಕನ್ನಡಿಯೆದುರು ನಿಂತಳು. ಅಲ್ಲಿ ಅವಳು ಎಷ್ಟೋ ಜನರನ್ನು ನಿಲ್ಲಿಸಿದ್ದಳು. ತಾನು ಮಾತ್ರ ನಿಂತಿರಲಿಲ್ಲ. ಬೆಂಚಿನ ಮೇಲೆ ಯಾರೋ ಇಬ್ಬರು ಕೂತಿದ್ದರು. ಮಕ್ಕಳಾದ ಮೇಲೆ ಒಳಗೆ ಹೋಗದ ಹೊಟ್ಟೆ ಕಂಡಿತು. ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಒಂದು ಭುಜ ಇಳಿದುಹೋಗಿರುವುದೂ ಕಂಡಿತು. ಟೇಪು ಸೊಂಟ ಸುತ್ತಿದಾಗ ಉಸಿರು ಬಿಗಿಹಿಡಿದಳು. 'ಈಗ ಕೂಗ್ತಾಳೆ. ಸೇಡು ತೀರಿಸ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಹೊತ್ತು ಬೇಕಾ?'

ಚಿಕ್ಕವಳು ಕೂಗಲಿಲ್ಲ. ಟೇಪಿನ ಗೆರೆಗೆ ಹೆಬ್ಬೆರಳ ಉಗುರು ಒತ್ತಿಕೊಂಡು, ಬೇರೇನನ್ನೋ ನೆನೆಸಿಕೊಂಡವಳ ಹಾಗೆ ಪರದೆಯ ಹಿಂದೆ ಹೋಗಿ ಬರೆದು ಬಂದಳು. ಇಳಿದ ಭುಜವನ್ನು ಅಳೆಯುವಾಗ ಅಂಗೈಯನ್ನು ಅಲ್ಲೇ ಒಂದು ಗಳಿಗೆ ಇಟ್ಟು, ಕಿವಿಯ ಹತ್ತಿರ ಕೇಳಿದಳು: "ಅಕ್ಕಾ, ಸಂಜೆ ಹೊತ್ತಿಗೆ ಇಲ್ಲಿ ನೋಯುತ್ತಾ?"

"ಇಲ್ಲ" ಎಂದಳು ಹಿರಿಯವಳು ಥಟ್ಟನೆ. ನೋಯುತ್ತಿತ್ತು. ಕಟ್ಟಿಕೊಂಡ ಗಂಡನೂ ಅದನ್ನು ಕೇಳಿರಲಿಲ್ಲ. ಕೇಳಿದವಳು ಇವಳೇ ಆಗಬೇಕಿತ್ತೇ ಎಂದು ಹೊಟ್ಟೆಯ ಕಿಚ್ಚು ಇನ್ನಷ್ಟು ಭುಗಿಲೆಂದಿತು. ಆದರೆ ಅಂದು ಇದೇ ಕನ್ನಡಿಯೆದುರು ಬೀಗಿತ್ತಿಯ ಮುಂದೆ ನಿಂತ ಬೇಕರಿಯವಳಿಗೆ ಹೇಗಾಗಿರಬೇಕು ಎಂಬುದೂ ಆಗಲೇ ತಿಳಿಯಿತು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಅವಳು ಕೈ ಚಾಚಿದಳು. "ಆ ಟೇಪು ಒಂದು ಗಳಿಗೆ ಕೊಡು."

ಬೇಕರಿಯ ಹಿಂದಿನ ಕೋಣೆಯಲ್ಲಿ ಬೇಕರಿಯವಳು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದಳು. "ಏನಮ್ಮಾ, ಇಲ್ಲೂ ಬಂದ್ರಾ? ಕೂಗಿದ್ರೆ ಕೇಳೋಕೆ ಇಲ್ಲಿ ಜನ ಕಮ್ಮಿ."

ನಾಲಿಗೆಯ ತುದಿಗೆ ಬಂದ ಉತ್ತರವನ್ನು ಹಿರಿಯವಳು ನುಂಗಿಕೊಂಡಳು. "ತೋಳಿನ ಅಳತೆ ಬಾಕಿ ಇತ್ತು. ಬಾಗಿಲು ಹಾಕ್ಲಾ?"

ಬೇಕರಿಯವಳು ಹಿಟ್ಟಿನ ಕೈಗಳನ್ನು ಮೇಲಕ್ಕೆತ್ತಿ ನಿಂತಳು. ಒಲೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಿರಿಯವಳು ತೋಳು ಅಳೆದಳು, ಎದೆ ಅಳೆದಳು, ಗೆರೆಗೆ ಉಗುರು ಒತ್ತಿಕೊಂಡಳು.

"ಎಷ್ಟಾಯ್ತು?" ಎಂದಳು ಬೇಕರಿಯವಳು ತಲೆ ತಗ್ಗಿಸಿ.

"ಬಟ್ಟೆ ಸಾಕಾಗುತ್ತೆ."

ಬೇಕರಿಯವಳು ಅವಳನ್ನೇ ದಿಟ್ಟಿಸಿದಳು. ಆಮೇಲೆ ಹಳೆಯ ದೊಡ್ಡ ನಗೆ ನಕ್ಕು, ಒಳಗಿಟ್ಟಿದ್ದ ಬಟ್ಟೆ ತಂದುಕೊಟ್ಟಳು. "ಚಿಕ್ಕವಳು ಹೇಳಿಕೊಟ್ಟಳಾ ಹೀಗೆ ಮಾತಾಡೋದು?"

ಇಲ್ಲೂ ಅವಳೇ! ಆ ಮಾತು ತನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ ಎಂದು ಗಂಟೆ ಹೊಡೆದ ಹಾಗೆ ಕೂಗಬೇಕೆನಿಸಿತು ಹಿರಿಯವಳಿಗೆ. "ಹೂಂ, ಅವಳೇ" ಎಂದಳು. ಎಷ್ಟು ಅಂಕಿಗಳನ್ನು ನುಂಗಿದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಂಗಡಿಗೆ ಮರಳಿದಾಗ ಅವಳ ಕೈಯಲ್ಲಿದ್ದ ಬಟ್ಟೆ ಕಂಡು ಚಿಕ್ಕವಳು ಓಡಿಬಂದಳು. "ಅಕ್ಕಾ, ಕೊಟ್ಟೇಬಿಟ್ರಾ! ಟೇಪು ನಿಮ್ಮ ಹತ್ರಾನೇ ಇರ್ಲಿ, ನಿಮಗೇ ಒಪ್ಪುತ್ತೆ."

ಕೊಡುವುದರಲ್ಲೂ ಇವಳದೇ ಮೇಲುಗೈ! ಹಿರಿಯವಳು ಟೇಪು ತೆಗೆದು ಓರಗಿತ್ತಿಯ ಕೊರಳಿಗೆ ಹಾಕಿದಳು. ಹಾಕುವಾಗ ಸ್ವಲ್ಪ ಬಿಗಿಯಾಗಿಯೇ ಎಳೆದಳು, ಅದು ಬೇರೆ ಮಾತು. ಪರದೆ ಸರಿಸಿ ಮಿಷನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತಾ, ಅವಳ ಕಡೆ ನೋಡದೆ ಅಂದಳು:

"ನೋಯುತ್ತೆ ಕಣೇ ಆ ಭುಜ, ಸಂಜೆ ಹೊತ್ತು."