ಮೇಸ್ತ್ರಿ ಕಾಯ್ದ ಗೇರ್‌ಬಾಕ್ಸು

ನಮ್ಮ ಗ್ಯಾರೇಜಿನ ಮೇಸ್ತ್ರಿಯ ಪಂಚೆ ದಿನ ಕಳೆದಂತೆ ಗಿಡ್ಡವಾಗುತ್ತಿತ್ತು. ಪಾದದವರೆಗೆ ಇದ್ದದ್ದು ಮೊಣಕಾಲಿಗೆ ಏರಿದಾಗ ಹೊಸದು ಬರುತ್ತಿತ್ತು. ಗೇರ್‌ಬಾಕ್ಸಿನ ಎಣ್ಣೆ ಪರೀಕ್ಷಿಸುವಾಗಲೆಲ್ಲ ಉಟ್ಟ ಪಂಚೆಯ ಅಂಚಿನಿಂದಲೇ ಒಂದು ಚೂರು ಹರಿದು, ಅದರ ಮೇಲೆ ಒಂದು ತೊಟ್ಟು ಬಿಟ್ಟು, ಮೊದಲು ಬಿಸಿಲಿಗೆ, ಆಮೇಲೆ ಮೂಗಿಗೆ ಹಿಡಿಯುತ್ತಿದ್ದರು. ಕೆಂಪಗೆ ಹರಡಿದರೆ ಕ್ಷೇಮ. ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದರೆ ಒಳಗೆ ಸುಡುತ್ತಿದೆ ಎಂದು ಅರ್ಥ. ಗ್ಯಾರೇಜಿನಲ್ಲಿ ಚಿಂದಿ ಬಟ್ಟೆಗೇನೂ ಬರವಿರಲಿಲ್ಲ. ಕೇಳಿದರೆ, "ಅದ್ರಲ್ಲಿ ಯಾವ್ದಾರ ಎಣ್ಣೆ ಮೆತ್ಕಂಡಿರ್ತದ ಸಾ, ಸುಳ್ಳು ಯೋಳ್ತದ. ಪಂಚೆ ನಾನೇ ಒಗ್ದಿರದು" ಎನ್ನುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಒಗೆದುಕೊಡುವವರು ಯಾರೂ ಇರಲಿಲ್ಲ. ಮಕ್ಕಳಿರಲಿಲ್ಲ. ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು, ಅದರ ಹಿಂದೆ ಒಂದು ಕೋಣೆ, ಅಷ್ಟೇ ಅವರ ಲೋಕ. ನನ್ನದೂ ಹೆಚ್ಚುಕಮ್ಮಿ ಅಂಥದ್ದೇ. ಚಿಕ್ಕಂದಿನ ಜ್ವರ ನನ್ನ ಎಡಗಾಲಿನ ಬಲವನ್ನು ಎಳೆದುಕೊಂಡು ಹೋಗಿತ್ತು. ಕ್ಲಚ್ಚು ತುಳಿಯಲು ಆಗದವನಿಗೆ ಆಟೋಮ್ಯಾಟಿಕ್ ಗೇರಿನ ಗಾಡಿಯೊಂದೇ ಗತಿ. ಒಂದು ಹಳೆಯ ಡೀಸೆಲ್ ಪಿಕಪ್ ಹುಡುಕಿ ಕೊಂಡು ಹನೂರು, ಬಂಡಳ್ಳಿ, ಗೋಪಿನಾಥಂ ಕಡೆಗೆ ಪಶು ಆಹಾರದ ಮೂಟೆ ಸಾಗಿಸುತ್ತಿದ್ದೆ. ಅದರ ಗೇರ್‌ಬಾಕ್ಸು ಹೋದರೆ ನಾನು ಮತ್ತೆ ಮನೆಯ ಜಗಲಿಗೆ ಅಂಟಿಕೊಳ್ಳಬೇಕಿತ್ತು.

ಇಷ್ಟು ಗೊತ್ತಿದ್ದೂ ಒಂದು ದಡ್ಡತನ ಮಾಡಿದೆ. ಮಾದಪ್ಪನ ಬೆಟ್ಟ ಹತ್ತುವಾಗ ಬಸ್ಸು ಲಾರಿಗಳೆಲ್ಲ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಶಾಲೆಯ ದಿನಗಳಿಂದ ಹಿಂದೆ ಬಿದ್ದೇ ಬಂದವನಿಗೆ ಅದು ಉರಿಯುತ್ತಿತ್ತು. ಮೈಸೂರಿನಲ್ಲಿ ಒಬ್ಬಾತ ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿನ ಬಲ ಏರಿಸಿಕೊಡುತ್ತಾನೆಂದು ಕೇಳಿ, ಮೇಸ್ತ್ರಿಗೆ ಹೇಳದೆ ಹೋಗಿ ಮಾಡಿಸಿಕೊಂಡು ಬಂದೆ. ಒಂದು ತಿಂಗಳು ರಾಜನ ಹಾಗೆ ಓಡಿಸಿದೆ. ಆಮೇಲೆ ಪಂಚೆಯ ಚೂರಿನ ಮೇಲೆ ಬಿದ್ದ ತೊಟ್ಟು ಕಾಫಿ ಬಣ್ಣಕ್ಕಿತ್ತು.

"ಏನ್ ಮಾಡ್ಸುದ್ರಿ ಸಾ?"

ಹೇಳಿದೆ. ಮೇಸ್ತ್ರಿ ಆ ಚೂರನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು.

"ಎಂಜಿನ್ನಿಗೆ ಬಲ ಬಂತು, ಸರಿ. ಗೇರ್‌ಬಾಕ್ಸು ಕಂಪ್ನಿಯೋರು ಕೊಟ್ಟಿದ್ದೇ ಅಲ್ವಾ? ದೊಡ್ಡೆತ್ತು ತಂದು ಅಳೇ ನೊಗನೇ ಮಡುಗುದ್ರ ಮುರೀದೆ ಇದ್ದದಾ?" ಎಂದು, ದನಿ ತಗ್ಗಿಸಿ, "ಕಾಲಿನ ಸೇಡ ಗಾಡಿ ಮ್ಯಾಲ ತೀರಿಸ್ಕಬ್ಯಾಡಿ ಸಾ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕಾಲಿನ ಬಗ್ಗೆ ಹಾಗೆ ಮುಖಕ್ಕೆ ಹೊಡೆದಂತೆ ಯಾರೂ ಹೇಳಿರಲಿಲ್ಲ. ಹಾಗೆಂದು ಆ ಬಲವನ್ನು ತೆಗೆಸಿ ಎಂದೂ ಅವರು ಹೇಳಲಿಲ್ಲ. ಹಳೆಯ ಎಣ್ಣೆ, ಫಿಲ್ಟರ್ ಬದಲಾಯಿಸಿದರು. ಗೇರ್ ಎಣ್ಣೆ ತಣಿಸಲೆಂದೇ ಮುಂದೆ ಗಾಳಿ ಬಡಿಯುವ ಕಡೆ ಬೇರೆ ಕೂಲರ್ ಕೂರಿಸಿದರು. ಎಣ್ಣೆಯ ಬಿಸಿ ತೋರಿಸುವ ಮೀಟರೊಂದನ್ನು ಸ್ಟೇರಿಂಗಿನ ಪಕ್ಕ ಹಾಕಿ, ಅದರ ಗಾಜಿನ ಮೇಲೆ ಕೆಂಪು ಗೆರೆ ಎಳೆದರು. ನನ್ನ ಜೊತೆ ಮೈಸೂರಿಗೇ ಬಂದು, ಲ್ಯಾಪ್‌ಟಾಪಿನವನ ಪಕ್ಕ ಕುಳಿತು, ಒಂದು ಮತ್ತು ಎರಡನೇ ಗೇರಿನಲ್ಲಿ ಎಂಜಿನ್ನಿನ ರಭಸ ಇಳಿಸುವವರೆಗೆ ಏಳಲಿಲ್ಲ. "ಏರಲ್ಲಿ ಪೂರಾ ತುಳೀಬ್ಯಾಡಿ. ಮುಳ್ಳು ಗೆರೆ ಮುಟ್ಟುದ್ರ ನಿಲ್ಸಿ, ನ್ಯೂಟ್ರಲ್‌ಗಾಕಿ. ಆದ್ರ ಎಂಜಿನ್ ಆರಿಸ್ಬ್ಯಾಡಿ, ಎಣ್ಣೆ ಓಡಾಡ್ತಾ ತಣೀಲಿ" ಎಂದು ಪಾಠ ಒಪ್ಪಿಸುವ ಹಾಗೆ ನನ್ನಿಂದಲೇ ಹೇಳಿಸಿದರು.

ಅಂದಿನಿಂದ ಗಾಡಿ ಓಡಿಸಿ ನೋಡುವ ಟ್ರಯಲ್ಲು ಶುರುವಾಯಿತು. ಭಾನುವಾರ ಬಂದರೆ ನಾನು ಇಲ್ಲದ ಸದ್ದೊಂದರ ದೂರು ಹೊತ್ತುಕೊಂಡು ಶೆಡ್ಡಿಗೆ ಹೋಗುತ್ತಿದ್ದೆ. "ಕೇಳ್ಬೇಕಲ್ಲ, ಓಗ್ಬರವಾ" ಎಂದು ಅವರು ಎಡಗಡೆಯ ಸೀಟು ಹತ್ತುತ್ತಿದ್ದರು. ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟದ ತನಕ ಹೋಗುತ್ತಿದ್ದೆವು. ಗೇರು ಬದಲಾಗುವುದು ಅಂಗಾಲಿಗೆ ತಿಳಿಯಲೆಂದು ಅವರು ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಮಾತು ಅಷ್ಟಕ್ಕಷ್ಟೆ. ಮೇಲೆ ಟೀ ಕುಡಿದು, "ಏನೂ ಇಲ್ಲ ಸಾ, ಎಲ್ಲ ಚೆನ್ನಾಗದ" ಎನ್ನುತ್ತಿದ್ದರು. ಏನೂ ಇಲ್ಲವೆಂಬುದು ಹೊರಡುವಾಗಲೇ ಇಬ್ಬರಿಗೂ ಗೊತ್ತಿರುತ್ತಿತ್ತು. ಒಂಟಿತನಕ್ಕೆ ಬೇರೆ ಹೆಸರಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿದೆವು.

ಕಳೆದ ವರ್ಷ ಒಂದು ಬೆಳಿಗ್ಗೆ ಗೋಪಿನಾಥಂಗೂ ಜೊತೆಗೆ ಬಂದರು. ವಾಪಸ್ಸು ಹೊರಟಾಗ ಒಬ್ಬ ರೈತರ ಮುಸುಕಿನ ಜೋಳದ ಮೂಟೆ ಹೇರಿಕೊಂಡಿದ್ದೆ. ಮಾದಪ್ಪನ ಬೆಟ್ಟದ ಏರು ಶುರುವಾಗುವ ಹೊತ್ತಿಗೆ ಮೇಸ್ತ್ರಿ ಎದೆ ಹಿಡಿದುಕೊಂಡರು. ಹಣೆಯಲ್ಲಿ ಬೆವರು. ಫೋನಿಗೆ ಸಿಗ್ನಲ್ ಇಲ್ಲ. ನಾನು ಎಲ್ಲ ಮರೆತು ಆಕ್ಸಿಲರೇಟರನ್ನು ಪೂರಾ ತುಳಿದೆ. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಮುಳ್ಳು ಗೆರೆ ದಾಟಿತು.

"ನಿಲ್ಸಿ ಸಾ."

"ಸುಮ್ನಿರಿ ಮೇಸ್ತ್ರಿ, ಹೋದ್ರೆ ಹೋಗ್ಲಿ ಗೇರ್‌ಬಾಕ್ಸು!"

"ಗಾಡಿ ಇಲ್ಲಿ ಕೆಟ್ಟು ನಿಂತೋದ್ರ ಇಬ್ರೂ ಇಲ್ಲೇಯ. ನಿಲ್ಸಿ." ಉಸಿರು ಎಳೆದುಕೊಂಡು ಮತ್ತೆ ಅಂದರು: "ನಾನಿಲ್ದಿದ್ರೂ ನೀವು ತಿರುಗಾಡ್ಬೇಕಲ್ಲ."

ನಿಲ್ಲಿಸಿದೆ. ನ್ಯೂಟ್ರಲ್‌ಗೆ ಹಾಕಿದೆ. ಕಾಡಿನ ರಸ್ತೆಯಲ್ಲಿ ಒಂದು ಗಾಡಿಯೂ ಬರಲಿಲ್ಲ. ಮೂಟೆ ಇಳಿಸಿ ಎಸೆಯೋಣವೆಂದರೆ ಅದಕ್ಕೆ ಬೇಕಾದ ಕಾಲು ನನಗಿರಲಿಲ್ಲ. ಎಂಜಿನ್ ಗುರುಗುಟ್ಟುತ್ತಿತ್ತು. ಮೇಸ್ತ್ರಿಯ ಕಣ್ಣು ಮೀಟರಿನ ಮೇಲೆ, ನನ್ನ ಕಣ್ಣು ಅವರ ಮೇಲೆ. ಮುಳ್ಳು ಇಳಿಯಲು ಹತ್ತು ನಿಮಿಷ ಹಿಡಿಯಿತು. ಅವರು ಹೇಳಿಕೊಟ್ಟ ಹಾಗೆ ಮೊದಲಿನಿಂದಲೂ ಹದವಾಗಿ ಓಡಿಸಿದ್ದರೆ ಆ ಹತ್ತು ನಿಮಿಷ ನಿಲ್ಲಬೇಕಾಗಿಯೇ ಇರಲಿಲ್ಲ. ಈ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆಮೇಲೆ ಗಾಡಿ ಎಲ್ಲೂ ಕೈಕೊಡಲಿಲ್ಲ. ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸಿದರು. ಹನೂರು ದಾಟುವಾಗ ಮೇಸ್ತ್ರಿಗೆ ಇನ್ನೂ ಮಾತಿತ್ತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು.

ನರ್ಸಮ್ಮ ಕಾಗದ ಹಿಡಿದು ಬಂದರು. "ಇವ್ರ ಕಡೆಯೋರು ಯಾರಿದಾರೆ?" ಎಂದು ಕೇಳಿದರು. ವರಾಂಡದಲ್ಲಿ ನಾನೊಬ್ಬನೇ ಇದ್ದೆ.

"ನೀವು ಅವ್ರಿಗೆ ಏನಾಗ್ಬೇಕು?"

ಗಾಡಿ ರಿಪೇರಿಗೆ ಹೋಗುತ್ತಿದ್ದವನು ಎನ್ನಲು ಬಾಯಿ ತೆರೆದೆ, ಆಗಲಿಲ್ಲ. "ತಮ್ಮ" ಎಂದೆ. ನರ್ಸಮ್ಮ ಬರೆದುಕೊಂಡರು. ಬದುಕಿದ್ದಾಗ ಮೇಸ್ತ್ರಿಯನ್ನು ಒಂದು ಸಲವೂ ಅಣ್ಣ ಎಂದು ಕರೆದಿರಲಿಲ್ಲ.