ಚಂದಯ್ಯ ಕತ್ತರಿಸಿದ ಬಿಳಿ ಅಂಚು

ಬೈಂದೂರಿನಲ್ಲಿ ಪಟಕ್ಕೆ ಕಟ್ಟು ಹಾಕಿಸಬೇಕೆಂದರೆ ಚಂದಯ್ಯನ ಅಂಗಡಿಗೇ ಹೋಗಬೇಕು. ಮುಂಬೈಯಲ್ಲಿ ಹತ್ತು ವರ್ಷ ಈ ಕೆಲಸ ಕಲಿತು ಬಂದವನು. ಪಕ್ಕದಲ್ಲೇ ವಾಚು ರಿಪೇರಿ ಮಾಡಿಕೊಂಡು ಕೂತ ನಾನು ಅವನ ಕೈಚಳಕವನ್ನು ದಿನಾ ನೋಡುತ್ತೇನೆ. ಮೂಕಾಂಬಿಕೆಯ ಪಟ ಬಂದರೆ ಸಾಕು, ಮೊದಲು ಸುತ್ತಲಿನ ಬಿಳಿ ಅಂಚನ್ನು ಕಚಕ್ಕನೆ ಕತ್ತರಿಸಿ ಬಿಸಾಡುತ್ತಾನೆ. ಬಿಳಿ ಕಂಡರೆ ಗಿರಾಕಿಗಳು ಪಟ ಸಣ್ಣದಾಯಿತು ಎಂದು ಗೊಣಗುತ್ತಾರೆ. ಚೂರುಗಳೆಲ್ಲ ಸಂಜೆ ಅವನ ಮನೆಯ ಬಚ್ಚಲೊಲೆಗೆ ಹೋಗುತ್ತವೆ.

ಕೊಲ್ಲೂರಿನ ಲಾಡ್ಜೊಂದರ ಯಜಮಾನರು ಕೋಣೆಗಳಿಗೆ ಕಡಲು, ಹೊಳೆ, ಗುಡ್ಡದ ಚಿತ್ರಗಳ ನಕಲು ಬೇಕೆಂದ ಮೇಲೆ ಅವನ ಗತ್ತೇ ಬದಲಾಯಿತು. ಮಂಗಳೂರಿನಲ್ಲಿ, ನೂರು ವರ್ಷ ಮಾಸದ ಶಾಯಿಯಲ್ಲಿ ಅಚ್ಚು ಹಾಕಿಸಿ ತಂದ. ಮ್ಯೂಸಿಯಂನಲ್ಲಿ ಇಡುವಂಥ ಮಾಲು ಎಂದು ಬಸ್ಸಿಗೆ ಕಾಯುವವರನ್ನೂ ಕರೆದು ತೋರಿಸಿದ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೆಲಸ ಮಾತ್ರ ಚೆನ್ನಾಗಿತ್ತು.

ನಾವುಂದದ ಸರಸಕ್ಕನನ್ನು ಅವನ ಬಳಿ ಕಳಿಸಿದವನು ನಾನೇ. ಅದು ಈಗಲೂ ಚುಚ್ಚುತ್ತದೆ. ಅವಳ ಗಂಡ, ಕುಷ್ಟ ಎಂಬವನು, ದೋಣಿಗಳಿಗೆ ಹೆಸರು ಬರೆಯುತ್ತಿದ್ದ. ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆಯ ಹೊಸತರಲ್ಲಿ ಅವನು ಊರಿನ ಕಡಲತೀರವನ್ನು ಬಿಡಿಸಿ ಅವಳಿಗೆ ಕೊಟ್ಟಿದ್ದ. ಆ ಚಿತ್ರ ಹುಡಿಯಾಗುವ ಮೊದಲು ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು ನಕಲು ಮಾಡಿಸಬೇಕು ಎಂದಳು. ಮತ್ತೇನೋ ಹೇಳಬೇಕೆಂದು ಚಂದಯ್ಯನ ಮುಂದೆ ಸುಮಾರು ಹೊತ್ತು ನಿಂತಳು. ಅಂಗಡಿಯಲ್ಲಿ ಜನ ತುಂಬಿದ್ದರು, ಹೇಳದೆ ಹೋದಳು.

ಚಂದಯ್ಯ ಎಂದಿನಂತೆ ಅಂಚು ಕತ್ತರಿಸಿ, ಆಮೇಲೆ ಚಿತ್ರವನ್ನು ಮಂಗಳೂರಿಗೆ ಒಯ್ದ.

ಹದಿನೈದು ದಿನಕ್ಕೆ ಸರಸಕ್ಕ ಬಂದಳು. ಮೂರೂ ಕಟ್ಟುಗಳನ್ನು ಸಾಲಾಗಿ ಇಟ್ಟಿದ್ದೆವು; ಯಾವುದು ಅಸಲು, ಯಾವುದು ನಕಲು ಎಂದು ನನಗೇ ತಿಳಿಯಲಿಲ್ಲ. ಅವಳು ಗಾಜಿನ ಕೆಳಭಾಗದಲ್ಲಿ ಬೆರಳಾಡಿಸಿದಳು. ಅಲ್ಲಿದ್ದ ಬಿಳಿ ಅಂಚಿನಲ್ಲಿ ಗಂಡ ಪೆನ್ಸಿಲಿನಲ್ಲಿ ಏನೋ ಬರೆದಿದ್ದನಂತೆ. ಅವಳಿಗೆ ಓದು ಬಾರದು. ಏನು ಬರೆದದ್ದೆಂದು ಕೇಳಿದಾಗಲೆಲ್ಲ ಅವನು ನಕ್ಕು ಸುಮ್ಮನಾಗುತ್ತಿದ್ದ. ಮಕ್ಕಳಿಂದ ಓದಿಸಲು ಇವಳಿಗೆ ನಾಚಿಕೆ, ಹಾಗಾಗಿ ಚಿತ್ರವನ್ನು ಟ್ರಂಕಿನ ಅಡಿಯಲ್ಲೇ ಇಟ್ಟುಕೊಂಡಿದ್ದಳು. ಗುರುತಿಲ್ಲದ ಚಂದಯ್ಯನಾದರೆ ಓದಿ ಹೇಳಿಯಾನು ಎಂದು ಧೈರ್ಯ ಮಾಡಿ ತಂದದ್ದು.

"ಅಲ್ಲ್ ಎಂತ ಬರ್ದಿದ್ರ್, ಕಂಡ್ರ್ಯಾ?" ಎಂದು ಕೇಳಿದಳು.

ಚಂದಯ್ಯ ನನ್ನ ಮುಖ ನೋಡಿದ. ಅವನು ಓದಿರಲಿಲ್ಲ. ಅಂಚನ್ನು ಅವನು ಯಾವತ್ತೂ ನೋಡಿದವನೇ ಅಲ್ಲ. ಏನಾದರೂ ಒಳ್ಳೆಯದು ಹೇಳಿಬಿಡು ಎಂದು ನಾನೇ ಕಣ್ಸನ್ನೆ ಮಾಡಿದೆ.

"ಸರಸಂಗೆ ಅಂದೇಳಿ ಬರ್ದಿದ್ರ್," ಎಂದ.

ಅವಳ ಮುಖ ಅರಳಿತು, ಕೂಡಲೇ ಬಾಡಿತು.

"ಅಷ್ಟೇಯಾ? ಮೂರ್ ಸಾಲ್ ಇದ್ದಿತ್ತಲೆ."

ಚಂದಯ್ಯನಿಗೆ ಇನ್ನು ಸುಳ್ಳು ಹೊರಡಲಿಲ್ಲ. ಓದದೆ ಕತ್ತರಿಸಿದ್ದು, ಚೂರು ಒಲೆಗೆ ಹೋದದ್ದು ಎಲ್ಲ ಹೇಳಿದ. ಅವಳು ಬೈಯುತ್ತಾಳೆ ಎಂದುಕೊಂಡೆವು, ಬೈದಿದ್ದರೆ ನಮಗೂ ಒಂದಿಷ್ಟು ಹಗುರವಾಗುತ್ತಿತ್ತು. ಬೆಂಚಿನ ಮೇಲೆ ಕೂತು ಸೆರಗಿನಿಂದ ಗಾಜು ಒರೆಸುತ್ತಲೇ ಇದ್ದಳು.

"ನಿಮ್ದೆಂತ ತಪ್ಪಿಲ್ಲೆ," ಎಂದಳು ಕೊನೆಗೆ. "ನಲ್ವತ್ತ್ ವರ್ಷ ನನ್ ಹತ್ರವೇ ಇದ್ದಿತ್. ನಾನೇ ಓದ್ಸಿಲ್ಲೆ."